ಹಾಡಿನ ಪಟ್ಟಿಯಿಂದ ಶೀಟಿಗೆ: ಬೀಳಗಿಯ ಅಮೀರಬಾಯಿ ಯಾಕೆ ಸಿಗೋದಿಲ್ಲ?

ವೆಬ್ ಸ್ಕ್ರೇಪಿಂಗ್ ಅಂದ್ರೆ ವೆಬ್ ಪುಟದಲ್ಲಿರೋ ಮಾಹಿತಿಯನ್ನ ಕೈಯಿಂದ ಕಾಪಿ ಮಾಡದೆ, ಫಾರ್ಮುಲಾ ಅಥವಾ ಪ್ರೋಗ್ರಾಂ ಮೂಲಕ ಎತ್ತಿಕೊಂಡು ಸಾಲು, ಕಾಲಂಗಳಲ್ಲಿ ಜೋಡಿಸೋದು. ಈ ಪಾಠಕ್ಕೆ ನಾವು ತಗೊಂಡಿರೋ ಉದಾಹರಣೆ ಬಿನಾಕಾ ಗೀತಮಾಲಾ. ಅಮೀನ್ ಸಯಾನಿ ನಡೆಸಿಕೊಡ್ತಿದ್ದ ಈ ಕಾರ್ಯಕ್ರಮ 1952ರ ಡಿಸೆಂಬರಿನಲ್ಲಿ ರೇಡಿಯೋ ಸಿಲೋನ್‌ನಲ್ಲಿ ಶುರುವಾಯ್ತು. ಜನಪ್ರಿಯ ಹಿಂದಿ ಸಿನಿಮಾ ಹಾಡುಗಳ ವಾರ್ಷಿಕ ಪಟ್ಟಿ 1953ರಿಂದ ಇದೆ.

ನಮ್ಮ ಪ್ರಶ್ನೆ ಇಷ್ಟೇ: ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಸೀಮೆಯ ದನಿ ಈ ಪಟ್ಟಿಯಲ್ಲಿ ಎಲ್ಲಿದೆ? ಬೀಳಗಿಯಲ್ಲಿ ಹುಟ್ಟಿದ ಅಮೀರಬಾಯಿ ಕರ್ನಾಟಕಿ ಹಿಂದಿ ಸಿನಿಮಾದ ದೊಡ್ಡ ಗಾಯಕಿ. ಅವರನ್ನೇ ಹುಡುಕೋಣ.

1. ಟೇಬಲ್ ತರೋದು

ಗೂಗಲ್ ಶೀಟ್ಸ್‌ನಲ್ಲಿ ಇಂಪೋರ್ಟ್‌ಎಚ್‌ಟಿಎಂಎಲ್ ಅನ್ನೋ ಫಾರ್ಮುಲಾ ಇದೆ. ಅದಕ್ಕೆ ಮೂರು ಸಂಗತಿ ಕೊಡಬೇಕು: ಪುಟದ ಲಿಂಕ್, ಟೇಬಲ್ ಬೇಕೋ ಲಿಸ್ಟ್ ಬೇಕೋ, ಪುಟದಲ್ಲಿ ಅದು ಎಷ್ಟನೇದು. ಮೊದಲ ಎರಡು ಡಬಲ್ ಕೋಟ್ಸ್ ಒಳಗೆ ಇರಬೇಕು. ಬೇರೆ ಟೇಬಲ್ ಬಂದ್ರೆ ನಂಬರ್ ಬದಲಿಸಿ ನೋಡ್ರಿ. ಏನೂ ಬರದಿದ್ರೆ ಆ ಪುಟ ಜಾವಾಸ್ಕ್ರಿಪ್ಟ್‌ನಿಂದ ಆಮೇಲೆ ತುಂಬಿಕೊಳ್ಳೋ ಪುಟ ಇರಬಹುದು. ಈ ಫಾರ್ಮುಲಾಕ್ಕೆ ಅದು ಕಾಣಿಸೋದಿಲ್ಲ.

ಪುಟಗಳು ಜಾಸ್ತಿ ಇದ್ರೆ ಪೈಥಾನ್‌ನ ಪಾಂಡಾಸ್ ಅಥವಾ ಬ್ಯೂಟಿಫುಲ್‌ಸೂಪ್ ಬಳಸಬಹುದು. ಆದ್ರೆ ಮೊದಲು ಆ ಸೈಟಿನ ನಿಯಮ ಮತ್ತು ರೋಬೋಟ್ಸ್ ಫೈಲ್ ಓದಬೇಕು. ಒಂದು ಪುಟಕ್ಕೂ ಇನ್ನೊಂದಕ್ಕೂ ನಡುವೆ ಒಂದೆರಡು ಸೆಕೆಂಡ್ ಬಿಡಬೇಕು. ಒಂದೇ ಸಮನೆ ಕೇಳ್ತಾ ಹೋದ್ರೆ ಸರ್ವರ್‌ಗೆ ಭಾರ, ನಮ್ಮನ್ನ ಬ್ಲಾಕ್ ಕೂಡ ಮಾಡಬಹುದು.

2. ಕಟ್ಟಿಡೋದು

ಫಾರ್ಮುಲಾ ತಂದ ಟೇಬಲ್ ಮೂಲ ಪುಟ ಬದಲಾದ ಹಾಗೆ ಬದಲಾಗುತ್ತೆ. ಅದಕ್ಕೇ ಎಲ್ಲಾ ಕಾಪಿ ಮಾಡಿ, ಬೇರೆ ಶೀಟಿನಲ್ಲಿ ಬರೀ ವ್ಯಾಲ್ಯೂ ಪೇಸ್ಟ್ ಮಾಡಿ. ಪಕ್ಕದಲ್ಲಿ ಲಿಂಕ್ ಮತ್ತು ತಗೊಂಡ ದಿನಾಂಕ ಬರೆದಿಡಿ.

3. ಹೆಸರು ಸರಿ ಮಾಡೋದು

ನಿಜವಾದ ಕೆಲಸ ಇಲ್ಲಿದೆ. ಅಮೀರಬಾಯಿ, ಅಮೀರ್ ಬಾಯಿ, ಅಮೀರ್‌ಬಾಯಿ: ನಮಗೆ ಒಬ್ಬರೇ, ಕಂಪ್ಯೂಟರ್‌ಗೆ ಮೂವರು. ಹೋಗ್ಲಿ ಅಂತ ಬರೀ ‘ಕರ್ನಾಟಕಿ’ ಅಂತ ಫಿಲ್ಟರ್ ಹಾಕಿದ್ರೆ ಅವರ ಅಕ್ಕ-ತಂಗಿಯರೂ ಒಂದಾಗಿಬಿಡ್ತಾರೆ. ಬಾಲಗಂಧರ್ವರ ಜೊತೆ ಮರಾಠಿ ರಂಗಭೂಮಿಯಲ್ಲಿದ್ದ ಗೋಹರಬಾಯಿ ಕರ್ನಾಟಕಿ ಇವರ ಸೋದರಿ. ಊರಿನ ಕಾಲಂ ಕೂಡ ಹಾಗೇ. ಬಾಗಲಕೋಟೆ ಜಿಲ್ಲೆ ಆಗಿದ್ದು 1997ರಲ್ಲಿ. ಹಳೆಯ ಬರಹಗಳಲ್ಲಿ ಬೀಳಗಿ ವಿಜಾಪುರ ಜಿಲ್ಲೆಯಲ್ಲೇ ಇರುತ್ತೆ. ಹಾಗಾಗಿ ಪ್ರತಿ ವ್ಯಕ್ತಿಗೂ ಒಂದು ಐಡಿ ನಂಬರ್ ಕೊಟ್ಟು, ಅದರ ಮೇಲೇ ಎಣಿಸಬೇಕು.

ಮೂಲದಲ್ಲೇ ಹೆಸರು ತಪ್ಪಿರೋದೂ ಉಂಟು. 1949ರ ‘ಮಹಲ್’ ಸಿನಿಮಾದ ರೆಕಾರ್ಡ್ ಮೇಲೆ ಲತಾ ಮಂಗೇಶ್ಕರ್ ಬದಲು ಪಾತ್ರದ ಹೆಸರು ‘ಕಾಮಿನಿ’ ಅಂತ ಅಚ್ಚಾಗಿತ್ತು.

4. ಸೊನ್ನೆ ಅಂದ್ರೆ ಏನು?

ಅಮೀರಬಾಯಿ ಹಾಡಿದ ‘ಕಿಸ್ಮತ್’ ಬಂದಿದ್ದು 1943ರಲ್ಲಿ. ಕಲ್ಕತ್ತೆಯ ರಾಕ್ಸಿ ಥಿಯೇಟರಿನಲ್ಲಿ ಅದು ಮೂರು ವರ್ಷಕ್ಕೂ ಹೆಚ್ಚು ಓಡಿತು. ಮರುವರ್ಷದ ‘ರತನ್’ನಲ್ಲೂ ಅವರು ಹಾಡಿದ್ದಾರೆ. ಆದ್ರೆ ನಮ್ಮ ಪಟ್ಟಿಯ ಮೊದಲ ಸಾಲೇ 1953. ಅವರ ಕಾಲದ ಈ ಹಿಟ್‌ಗಳು ಅದರಲ್ಲಿ ಇರೋಕೆ ಸಾಧ್ಯನೇ ಇಲ್ಲ.

ಈಗ ಪ್ರಾಜೆಕ್ಟ್ ರಿಪೋರ್ಟಿನಲ್ಲಿ ‘ಬೀಳಗಿಯ ಗಾಯಕಿಯರ ಹಾಡು: 0’ ಅಂತ ಬರೆದ್ರೆ ಲೆಕ್ಕ ಸರಿ, ಮಾತು ಸುಳ್ಳು. ಅಳೆಯೋಕೆ ಶುರು ಮಾಡೋ ಮುಂಚೆ ಹಾಡಿದವರನ್ನ ಆ ಸೊನ್ನೆ ‘ಹಾಡಲೇ ಇಲ್ಲ’ ಅನ್ನಿಸಿಬಿಡುತ್ತೆ. ಅದಕ್ಕೇ ಪಟ್ಟಿಯ ವ್ಯಾಪ್ತಿಯ ಹೊರಗಿರೋ ಸೆಲ್‌ನಲ್ಲಿ 0 ಹಾಕದೆ ‘ವ್ಯಾಪ್ತಿಯಲ್ಲಿಲ್ಲ’ ಅಂತ ಬರೀಬೇಕು.

ಮಾಡಿ ನೋಡಿ

ಎರಡು ಶೀಟ್ ಮಾಡಿ: ಒಂದರಲ್ಲಿ ಗೀತಮಾಲಾ ಪಟ್ಟಿ, ಇನ್ನೊಂದರಲ್ಲಿ 1940ರ ದಶಕದ ಸಿನಿಮಾ, ವರ್ಷ, ಗಾಯಕರು. ಅಮೀರಬಾಯಿಗೆ ಒಂದೇ ಐಡಿ ಕೊಟ್ಟು ಎರಡನ್ನೂ ಜೋಡಿಸಿ. ಮೊದಲ ಶೀಟ್ ಮುಗಿಸಿದ ಮೇಲೂ ಅವರು ಸಿಗದಿದ್ರೆ, ಎರಡನೇದನ್ನ ತುಂಬೋಕೆ ಶುರು ಮಾಡ್ರಿ.