ಬಿಚ್ಚುವ ಮೊದಲು ದಾಖಲಿಸಿ: ಹಳೇ ಕಾರಿನ ವೈರಿಂಗ್ ದೋಷವೂ ಕೊಂಡವರ ಹಕ್ಕೂ

ಸೆಕೆಂಡ್ ಹ್ಯಾಂಡ್ ಕಾರು ಮನೆಗೆ ಬಂದು ಹದಿನೈದು ದಿನವೂ ಆಗಿರುವುದಿಲ್ಲ. ಬೆಳಗ್ಗೆ ಕೀ ತಿರುಗಿಸಿದರೆ ಸೆಲ್ಫ್ ಒಮ್ಮೆ ‘ಟಕ್’ ಎಂದು ಸುಮ್ಮನಾಗುತ್ತದೆ. ಅಕ್ಕಪಕ್ಕದವರು ತಳ್ಳಿ ಸ್ಟಾರ್ಟ್ ಮಾಡಿಕೊಡುತ್ತಾರೆ. ಹೊಸ ಬ್ಯಾಟರಿ ಬರುತ್ತದೆ, ವಾರದೊಳಗೆ ಅದೂ ಡೌನ್. ಆಮೇಲೆ ಆಟೋ ಎಲೆಕ್ಟ್ರಿಷಿಯನ್ ಡ್ಯಾಶ್‌ಬೋರ್ಡ್ ಬಿಚ್ಚಿ, ಸುಟ್ಟ ವೈರು ಕಿತ್ತು ಹೊಸದು ಎಳೆದು, ಬಿಲ್ ಇಲ್ಲದೆ ಹಣ ಎಣಿಸಿಕೊಳ್ಳುತ್ತಾನೆ. ಇಷ್ಟೆಲ್ಲ ಮುಗಿದ ಮೇಲೆ ‘ಮಾರಿದವರ ಮೇಲೆ ಕೇಸ್ ಹಾಕಬಹುದಾ ಸಾರ್?’ ಎಂಬ ಪ್ರಶ್ನೆ ವಕೀಲರ ಮೇಜಿಗೆ ಬರುತ್ತದೆ.

ಹಾಕಬಹುದು. ಆದರೆ ತೋರಿಸಲು ಏನು ಉಳಿದಿದೆ? ಸುಟ್ಟ ವೈರು ಗುಜರಿಗೆ ಹೋಗಿದೆ, ಗಾಡಿ ಈಗ ಚೆನ್ನಾಗಿಯೇ ಓಡುತ್ತಿದೆ. ದೋಷವಿತ್ತು ಎಂದು ಸಾಬೀತುಪಡಿಸುವ ಹೊಣೆ ದೂರು ಕೊಟ್ಟವರದು. ಅದರಲ್ಲೂ ಎಲೆಕ್ಟ್ರಿಕಲ್ ದೋಷ ಇವತ್ತು ಕಾಣಿಸಿ ನಾಳೆ ಮಾಯವಾಗುವಂಥದ್ದು. ಹಾಗಾಗಿ ಇಂಥ ಪ್ರಕರಣದಲ್ಲಿ ದೋಷ ಹುಡುಕುವ ಕೆಲಸವೇ ಸಾಕ್ಷ್ಯ ಸಂಗ್ರಹದ ಕೆಲಸ.

ಅದಕ್ಕೂ ಮೊದಲು ಇತ್ಯರ್ಥವಾಗಬೇಕಾದ್ದು, ಕಾರು ಮಾರಿದವರು ಯಾರು ಎಂಬುದು. ಹಳೇ ಕಾರು ಮಾರುವುದನ್ನೇ ಕಸುಬಾಗಿ ಮಾಡಿಕೊಂಡ ಡೀಲರ್ ಆದರೆ ಗ್ರಾಹಕರ ಸಂರಕ್ಷಣಾ ಕಾಯ್ದೆ, 2019ರ ಪ್ರಕಾರ ಅವರು ವ್ಯಾಪಾರಿ. ಸ್ವಂತ ಬಳಕೆಗೆ ಕೊಂಡ ನೀವು ಗ್ರಾಹಕರು. ಪರಿಚಯದವರೋ ಪಕ್ಕದ ಬೀದಿಯವರೋ ತಮ್ಮ ಒಂದೇ ಕಾರನ್ನು ಮಾರಿದ್ದರೆ ಸಾಮಾನ್ಯವಾಗಿ ಗ್ರಾಹಕ ಆಯೋಗದ ಬಾಗಿಲು ತೆರೆಯುವುದಿಲ್ಲ, ಸಿವಿಲ್ ನ್ಯಾಯಾಲಯವೇ ಗತಿ. ನಡುವೆ ನಿಂತು ಎರಡೂ ಕಡೆ ಕಮಿಷನ್ ಪಡೆದ ಬ್ರೋಕರ್ ಇದ್ದರೆ ಅವರು ಕೊಟ್ಟ ಸೇವೆಯ ನ್ಯೂನತೆಯನ್ನು ಪ್ರಶ್ನಿಸಬಹುದು, ಕಮಿಷನ್ ಕೊಟ್ಟಿದ್ದಕ್ಕೆ ಯುಪಿಐ ದಾಖಲೆಯಾದರೂ ಇರಬೇಕು ಅಷ್ಟೆ.

ಹಳೇ ಕಾರಿನಲ್ಲಿ ಯಾವುದು ದೋಷ, ಯಾವುದು ವಯಸ್ಸಿನ ಸವೆತ? ಕಾಯ್ದೆಯ ವ್ಯಾಖ್ಯೆ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಕಾನೂನು ಅಥವಾ ಕರಾರು ಬಯಸುವ ಗುಣಮಟ್ಟದಲ್ಲಿ ಕೊರತೆಯಾದರೆ ಅದು ದೋಷ. ವ್ಯಾಪಾರಿ ತಾನೇ ಹೇಳಿಕೊಂಡ ಗುಣಮಟ್ಟದಲ್ಲಿ ಕೊರತೆ ಕಂಡರೂ ದೋಷವೇ. ಹನ್ನೆರಡು ವರ್ಷದ ಗಾಡಿಯ ಆಲ್ಟರ್ನೇಟರ್ ಸೋತರೆ ಅಷ್ಟಕ್ಕೇ ಯಾರನ್ನೂ ದೂರುವಂತಿಲ್ಲ. ‘ವೈರಿಂಗ್ ಕಂಪನಿದೇ, ಒಂದು ರೂಪಾಯಿ ಕೆಲಸ ಇಲ್ಲ’ ಎಂದು ಜಾಹೀರಾತಿನಲ್ಲಿ ಬರೆದು, ಒಳಗೆ ನಾಲ್ಕು ಕಡೆ ಟೇಪ್ ಸುತ್ತಿದ ಜೋಡಣೆ ಸಿಕ್ಕರೆ ಮಾತು ಬೇರೆ. ಆದ್ದರಿಂದ ಜಾಹೀರಾತಿನ ಸ್ಕ್ರೀನ್‌ಶಾಟ್ ಆರ್‌ಸಿಯಷ್ಟೇ ಬೆಲೆಯ ದಾಖಲೆ. ಮಾರಾಟ ಮುಗಿಯುತ್ತಿದ್ದಂತೆ ಜಾಹೀರಾತು ಮಾಯವಾಗುತ್ತದೆ, ನೆನಪಿರಲಿ.

ಇನ್ನು ಪರೀಕ್ಷೆ. ಬ್ಯಾಟರಿ ರಾತ್ರೋರಾತ್ರಿ ಇಳಿಯುತ್ತಿದ್ದರೆ ಎಲೆಕ್ಟ್ರಿಷಿಯನ್ ಮೊದಲು ನೋಡುವುದು ವೋಲ್ಟೇಜ್. ಪೂರ್ತಿ ಚಾರ್ಜ್ ಆಗಿ ನಿಂತ ಬ್ಯಾಟರಿಯಲ್ಲಿ ಸುಮಾರು 12.6, ಎಂಜಿನ್ ಓಡುವಾಗ ಹೆಚ್ಚುಕಡಿಮೆ 14 ವೋಲ್ಟ್ ಇರಬೇಕು. ಓಡುವಾಗಲೂ 12ರ ಆಸುಪಾಸಿನಲ್ಲೇ ಇದ್ದರೆ ಅನುಮಾನ ಆಲ್ಟರ್ನೇಟರ್ ಕಡೆಗೆ. ಅದು ಸರಿಯಿದ್ದರೆ ಎಂಜಿನ್ ಆರಿಸಿ, ನೆಗೆಟಿವ್ ಟರ್ಮಿನಲ್ ಕಳಚಿ, ಕೇಬಲ್ಲಿಗೂ ಟರ್ಮಿನಲ್ಲಿಗೂ ನಡುವೆ ಮಲ್ಟಿಮೀಟರನ್ನು ಆಂಪ್ಸ್‌ನಲ್ಲಿ ಸೇರಿಸುತ್ತಾರೆ. ಅರ್ಧ ಗಂಟೆ ಬಿಟ್ಟು ನೋಡಿದಾಗ ರೀಡಿಂಗ್ 50 ಮಿಲಿಆಂಪ್ ಒಳಗಿದ್ದರೆ ಸಾಮಾನ್ಯವಾಗಿ ತೊಂದರೆಯಿಲ್ಲ. ಅರ್ಧ ಆಂಪ್ ತೋರಿಸಿದರೆ ದಿನಕ್ಕೆ 12 ಆಂಪ್-ಅವರ್ ಸೋರುತ್ತಿದೆ ಎಂದರ್ಥ. 35 ಆಂಪ್-ಅವರ್ ಬ್ಯಾಟರಿ ಮೂರು ದಿನ ತಡೆಯಲಾರದು. ಆಮೇಲೆ ಫ್ಯೂಸ್ ಒಂದೊಂದಾಗಿ ಕೀಳುತ್ತಾ ಹೋಗುತ್ತಾರೆ. ಯಾವ ಫ್ಯೂಸ್ ಕಿತ್ತಾಗ ಮೀಟರ್ ಇಳಿಯಿತೋ ಕಳ್ಳ ಇರುವುದು ಆ ಸರ್ಕ್ಯೂಟಿನಲ್ಲಿ. ಬಹಳ ಸಲ ಅದು ಹೊರಗೆ ಹಾಕಿಸಿದ ಸ್ಟೀರಿಯೋ ಆಗಿರುತ್ತದೆ.

ಈ ಇಡೀ ಪರೀಕ್ಷೆಯನ್ನು ಫೋನಿನಲ್ಲಿ ಒಂದೇ ಓಟದಲ್ಲಿ ಚಿತ್ರೀಕರಿಸಿಕೊಳ್ಳಿ. ನಂಬರ್ ಪ್ಲೇಟ್, ಓಡೋಮೀಟರ್, ಮೀಟರಿನ ಅಂಕಿ, ಕಿತ್ತ ಫ್ಯೂಸ್ ಎಲ್ಲವೂ ಕಾಣಲಿ. ಎಲೆಕ್ಟ್ರಿಷಿಯನ್ ತಮ್ಮ ಲೆಟರ್‌ಹೆಡ್‌ನಲ್ಲಿ ದಿನಾಂಕ, ಗಾಡಿ ನಂಬರ್, ಕಿಲೋಮೀಟರ್, ರೀಡಿಂಗ್ ಬರೆದುಕೊಡಲಿ. ಅದಕ್ಕಿಂತ ಮುಖ್ಯ, ಈ ಹಾಳು ಎಷ್ಟು ಹಳೆಯದು ಎಂಬ ಅಭಿಪ್ರಾಯ. ಕನೆಕ್ಟರಿನೊಳಗೆ ಹಸಿರು ಕಿಲುಬು, ಕಾರ್ಪೆಟ್ ಕೆಳಗೆ ಒಣಗಿದ ಕೆಸರು, ಸೀಟಿನ ಬೋಲ್ಟಿಗೆ ತುಕ್ಕು ಒಟ್ಟಿಗೆ ಕಂಡರೆ ಗಾಡಿಗೆ ನೀರು ನುಗ್ಗಿರುವ ಸಾಧ್ಯತೆ ಹೆಚ್ಚು. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆಯ ಆಸುಪಾಸಿನ ಬಡಾವಣೆಗಳಲ್ಲಿ ಕಾರುಗಳು ಮುಳುಗಿದ್ದನ್ನು ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ಸುಟ್ಟ ವಾಸನೆ ಬರುತ್ತಿದ್ದರೆ ಮಾತ್ರ ಕಾನೂನಿಗಾಗಿ ಕಾಯಬೇಡಿ. ಬ್ಯಾಟರಿ ಕಳಚಿ, ಮಾರಿದವರಿಗೆ ಸಂದೇಶ ಕಳಿಸಿ ರಿಪೇರಿ ಮಾಡಿಸಿ, ಕಿತ್ತ ಭಾಗಗಳನ್ನು ಚೀಲದಲ್ಲಿ ಎತ್ತಿಡಿ. ವಿಡಿಯೊ ತೆಗೆದ ಫೋನನ್ನು ಮಾರಿಬಿಡಬೇಡಿ. ವಿದ್ಯುನ್ಮಾನ ದಾಖಲೆಗೆ ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 63ರ ಪ್ರಮಾಣಪತ್ರ ಬೇಕಾಗಬಹುದು.

ಡೀಲರುಗಳ ಮಾಮೂಲಿ ಉತ್ತರ ಒಂದಿದೆ: ‘ಇದ್ದ ಹಾಗೆ ತಗೊಂಡಿದ್ದೀರಿ, ಸೈನ್ ಹಾಕಿದ್ದೀರಿ.’ ಇದಕ್ಕೆ ಸ್ವಲ್ಪ ಬಲವಿದೆ. ಸರಕು ಮಾರಾಟ ಕಾಯ್ದೆ, 1930ರ ಕಲಂ 16ರ ಪ್ರಕಾರ, ಕೊಳ್ಳುವವರು ಗಾಡಿ ಪರೀಕ್ಷಿಸಿದ್ದರೆ ಆ ಪರೀಕ್ಷೆಯಲ್ಲಿ ಕಾಣಲೇಬೇಕಿದ್ದ ದೋಷಕ್ಕೆ ಆಮೇಲೆ ತಕರಾರು ನಿಲ್ಲುವುದು ಕಷ್ಟ. ಉರಿಯದ ಹೆಡ್‌ಲೈಟು ಆ ಬಗೆಯದು, ಡ್ಯಾಶ್‌ಬೋರ್ಡ್ ಹಿಂದಿನ ಸುಟ್ಟ ವೈರು ಅಲ್ಲ. ಗೊತ್ತಿದ್ದೂ ಮುಚ್ಚಿಟ್ಟಿದ್ದರೆ ಕರಾರು ಕಾಯ್ದೆಯ ಕಲಂ 17 ಅದನ್ನು ವಂಚನೆ ಎನ್ನುತ್ತದೆ. ಆದರೆ ಬರೀ ಮೌನ ಸಾಮಾನ್ಯವಾಗಿ ವಂಚನೆಯಾಗದು. ಹಾಗಾಗಿ ಮುಂಗಡ ಕೊಡುವ ಮೊದಲೇ ‘ಗಾಡಿಗೆ ನೀರು ನುಗ್ಗಿತ್ತಾ? ವೈರಿಂಗ್ ಬದಲಾಗಿದೆಯಾ?’ ಎಂದು ವಾಟ್ಸ್ಆ್ಯಪ್‌ನಲ್ಲಿ ಕೇಳಿ ಉತ್ತರ ತರಿಸಿಕೊಳ್ಳುವುದು ಒಳ್ಳೆಯದು. ಸುಳ್ಳು ಉತ್ತರ ಮೌನವಲ್ಲ. ಖಾಸಗಿ ವ್ಯಕ್ತಿಯಿಂದ ಕೊಂಡವರಿಗಂತೂ ಇದೇ ದೊಡ್ಡ ಆಸರೆ.

ದೋಷ ಕೈಗೆ ಸಿಕ್ಕ ಮೇಲೆ ಸ್ಪೀಡ್ ಪೋಸ್ಟ್‌ನಲ್ಲಿ ನೋಟಿಸ್ ಕೊಡಿ, ಗಾಡಿ ಬಂದು ನೋಡಲು ವಾರವೋ ಹದಿನೈದು ದಿನವೋ ಅವಕಾಶ ಕೊಡಿ. ಅವರು ಬರದಿದ್ದರೆ ಅದೂ ನಿಮ್ಮ ಪರವೇ. 1915 ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಅಲ್ಲಿ ಕೆಲವೊಮ್ಮೆ ಫೋನಿನಲ್ಲೇ ಇತ್ಯರ್ಥವಾಗುತ್ತದೆ. ಆಗದಿದ್ದರೆ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗ. ಡೀಲರ್ ಬೆಂಗಳೂರಿನಲ್ಲಿದ್ದು ನೀವು ಹಾವೇರಿಯವರಾದರೆ ಹಾವೇರಿಯಲ್ಲೇ ದೂರು ಕೊಡಬಹುದು. ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ, 50 ಲಕ್ಷದವರೆಗೆ ಜಿಲ್ಲಾ ಆಯೋಗದ ವ್ಯಾಪ್ತಿ, ಕಾಲಮಿತಿ 2 ವರ್ಷ. ವಕೀಲರು ಕಡ್ಡಾಯವಲ್ಲ. ಡೀಲರ್ ಬಿಲ್ ಕೊಡದಿದ್ದರೆ ಅದೇ ಒಂದು ಅನುಚಿತ ವ್ಯಾಪಾರ ಪದ್ಧತಿ, ದೂರಿನಲ್ಲಿ ಸೇರಿಸಿ. ತಾಂತ್ರಿಕ ಪರೀಕ್ಷೆ ಬೇಡದ ದೂರು 3 ತಿಂಗಳಲ್ಲಿ, ಬೇಕಾದ್ದು 5 ತಿಂಗಳಲ್ಲಿ ಮುಗಿಯಬೇಕೆಂದು ಕಾಯ್ದೆ ಹೇಳುತ್ತದೆ. ವಾಸ್ತವದಲ್ಲಿ ಅದಕ್ಕಿಂತ ಹೆಚ್ಚು ಹಿಡಿಯುವುದೇ ರೂಢಿ. ಎಂಟು ಹತ್ತು ಸಾವಿರದ ವ್ಯಾಜ್ಯವಾದರೆ ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಅರ್ಜಿ ಕೊಟ್ಟು ರಾಜಿಗೆ ಕೂರುವುದೇ ಜಾಣತನ ಎಂಬುದು ನನ್ನ ಅಭಿಪ್ರಾಯ. ಖಾಸಗಿಯಾಗಿ ಮಾರಿದವರನ್ನೂ ಅಲ್ಲಿಗೆ ಕರೆಸಬಹುದು.

ಜಗಳ ಕೆಲವೊಮ್ಮೆ ಗ್ಯಾರೇಜಿನ ಜೊತೆಗೇ ಹುಟ್ಟುತ್ತದೆ. ಮಾಡಿದ ಕೆಲಸದ ಕೂಲಿ ಕೊಡುವತನಕ ಗಾಡಿ ಹಿಡಿದಿಟ್ಟುಕೊಳ್ಳುವ ಹಕ್ಕು ಕರಾರು ಕಾಯ್ದೆಯ ಕಲಂ 170ರಡಿ ಗ್ಯಾರೇಜಿಗಿದೆ. ಬಿಲ್ ಜಾಸ್ತಿ ಎನಿಸಿದರೆ ‘ತಕರಾರಿನೊಂದಿಗೆ ಪಾವತಿ’ ಎಂದು ಬಿಲ್ಲಿನ ಮೇಲೆ ಬರೆದು, ಹಣ ಕಟ್ಟಿ, ಗಾಡಿ ಬಿಡಿಸಿಕೊಂಡು ಆಮೇಲೆ ದೂರು ಕೊಡಿ. ಬಿಚ್ಚುವ ಮೊದಲೇ ಅಂದಾಜು ಪಟ್ಟಿ ಬರೆಸಿಕೊಂಡಿದ್ದರೆ ಈ ಪ್ರಸಂಗವೇ ಬರುವುದು ಕಡಿಮೆ.

ವಿಮೆಯ ವಿಷಯ. ಕಾರಿನ ಸಾಮಾನ್ಯ ಪಾಲಿಸಿಯಲ್ಲಿ ಎಲೆಕ್ಟ್ರಿಕಲ್ ಬ್ರೇಕ್‌ಡೌನ್‌ಗೆ ಹಣ ಸಿಗುವುದಿಲ್ಲ. ಶಾರ್ಟ್ ಆಗಿ ಗಾಡಿಗೆ ಬೆಂಕಿ ಬಿದ್ದರೆ ಸ್ವಂತ ಹಾನಿಯ ಭಾಗದಲ್ಲಿ ಕೇಳಬಹುದು, ಪಾಲಿಸಿ ನಿಮ್ಮ ಹೆಸರಿನಲ್ಲಿದ್ದರೆ. ಮೂರನೇ ವ್ಯಕ್ತಿಯ ವಿಮೆ ತಾನಾಗಿ ವರ್ಗವಾದರೂ ಸ್ವಂತ ಹಾನಿಯ ವಿಮೆ ಹಾಗಲ್ಲ. ಕೊಂಡ 14 ದಿನದೊಳಗೆ ವಿಮಾ ಕಂಪನಿಗೆ, 30 ದಿನದೊಳಗೆ ಆರ್‌ಟಿಒಗೆ ಅರ್ಜಿ ಹೋಗಲೇಬೇಕು.