ಅಧ್ಯಯನ ಪಾಠ: ಕ್ರೋಶಾ ಹೆಣಿಗೆಯ ಮೊದಲ ಹೊಲಿಗೆಗಳು ಮತ್ತು ದುಡಿಮೆಯ ಲೆಕ್ಕ

ಮಹಿಳಾ ಸ್ವಸಹಾಯ ಸಂಘಗಳು ಗ್ರಾಮ ಪಂಚಾಯಿತಿಯ ಮುಂದಿಡುವ ತರಬೇತಿ ಬೇಡಿಕೆಗಳಲ್ಲಿ ಹೊಲಿಗೆ ಮತ್ತು ಕಸೂತಿಯೊಡನೆ ಕ್ರೋಶಾ ಹೆಣಿಗೆಯೂ ಸೇರಿರುವುದುಂಟು. ಬಾಗಿಲ ತೋರಣ, ಮೇಜಿನ ಹೊದಿಕೆ, ಕೂಸಿನ ಕುಲಾವಿ ಮುಂತಾದವು ಈ ಹೆಣಿಗೆಯಿಂದ ಸಿದ್ಧವಾಗುತ್ತವೆ. ಇದನ್ನು ‘ಬಿಡುವಿನ ಕೆಲಸ’ ಎಂದು ಕರೆಯುವುದು ವಾಡಿಕೆಯಾಗಿದೆ. ಆ ಹೆಸರೇ ಹೆಣೆಯುವವರ ಕೂಲಿಯನ್ನು ಕುಗ್ಗಿಸುತ್ತದೆ. ಆದಕಾರಣ ತರಬೇತಿಯ ಪ್ರಸ್ತಾವವನ್ನು ಪರಿಶೀಲಿಸುವ ಸದಸ್ಯರು, ಕಲಿಯುವವರು ಏನನ್ನು ಕಲಿಯುತ್ತಾರೆ ಮತ್ತು ಒಂದು ವಸ್ತುವಿನಲ್ಲಿ ಎಷ್ಟು ದುಡಿಮೆ ಅಡಗಿದೆ ಎಂಬುದನ್ನು ತಿಳಿದಿರುವುದು ಅವಶ್ಯಕ.

1. ಬೇಕಾಗುವ ಸಾಮಗ್ರಿ

ಸ್ವೆಟರ್ ಹೆಣೆಯಲು ಸಾಮಾನ್ಯವಾಗಿ ಎರಡು ಕಡ್ಡಿಗಳು ಬೇಕು. ಕ್ರೋಶಾಗೆ ತುದಿಯಲ್ಲಿ ಕೊಕ್ಕೆಯುಳ್ಳ ಒಂದೇ ಕಡ್ಡಿ ಸಾಕು. ಆರಂಭದಲ್ಲಿ 4ರಿಂದ 5 ಮಿ.ಮೀ. ದಪ್ಪದ ಕಡ್ಡಿ ಮತ್ತು ತಿಳಿಬಣ್ಣದ, ಮಧ್ಯಮ ದಪ್ಪದ ನೂಲು ಸೂಕ್ತ. ಕಡುಬಣ್ಣದ ನೂಲಿನಲ್ಲಿ ಕುಣಿಕೆಗಳು ಸ್ಪಷ್ಟವಾಗಿ ಕಾಣುವುದಿಲ್ಲ. ಲೇಸಿಗೆ ಬಳಸುವ ಸಣ್ಣ ಹತ್ತಿ ದಾರ ಮತ್ತು ತೆಳುವಾದ ಉಕ್ಕಿನ ಕಡ್ಡಿ ಕೈ ಪಳಗಿದ ನಂತರದ ಹಂತಕ್ಕೆ ಸೇರಿದವು. ತಪ್ಪಾದಲ್ಲಿ ಹೆಣಿಗೆಯನ್ನು ಬಿಚ್ಚಿ ಅದೇ ನೂಲನ್ನು ಮತ್ತೆ ಬಳಸಬಹುದು. ಆದುದರಿಂದ ಕಲಿಕೆಯ ವೆಚ್ಚ ಅಲ್ಪ.

2. ನಾಲ್ಕು ಮೂಲ ಹೊಲಿಗೆಗಳು

ಅ) ಸರಪಳಿ: ಜೀರುಕುಣಿಕೆಯೊಂದನ್ನು ಕಡ್ಡಿಗೆ ಏರಿಸಿ, ಕೊಕ್ಕೆಗೆ ದಾರ ಸುತ್ತಿ ಕುಣಿಕೆಯ ಮೂಲಕ ಎಳೆದರೆ ಸರಪಳಿಯ ಒಂದು ಕಣ್ಣು ಮೂಡುತ್ತದೆ. ಹೆಣಿಗೆಗೆ ಇದೇ ಅಡಿಪಾಯ.

ಆ) ಸ್ಲಿಪ್ ಹೊಲಿಗೆ: ಕಣ್ಣಿನೊಳಗೆ ಕಡ್ಡಿ ತೂರಿಸಿ, ದಾರ ಸುತ್ತಿ, ಆ ಕಣ್ಣು ಮತ್ತು ಕಡ್ಡಿಯ ಮೇಲಿನ ಕುಣಿಕೆ ಎರಡರ ಮೂಲಕವೂ ಒಮ್ಮೆಗೇ ಎಳೆಯಬೇಕು. ಸರಪಳಿಯ ತುದಿಗಳನ್ನು ಸೇರಿಸಿ ವೃತ್ತ ಮಾಡಲು ಇದು ಬೇಕಾಗುತ್ತದೆ.

ಇ) ಸಿಂಗಲ್ ಕ್ರೋಶಾ: ಕಣ್ಣಿನೊಳಗೆ ಕಡ್ಡಿ ತೂರಿಸಿ ದಾರವನ್ನು ಹೊರಗೆಳೆದಾಗ ಕಡ್ಡಿಯ ಮೇಲೆ ಎರಡು ಕುಣಿಕೆಗಳಾಗುತ್ತವೆ. ಮತ್ತೆ ದಾರ ಸುತ್ತಿ ಎರಡರ ಮೂಲಕವೂ ಎಳೆಯಬೇಕು. ಈ ಹೊಲಿಗೆಯಿಂದ ಒತ್ತಾದ, ಗಟ್ಟಿಯಾದ ಬಟ್ಟೆ ದೊರೆಯುತ್ತದೆ.

ಈ) ಡಬಲ್ ಕ್ರೋಶಾ: ಮೊದಲು ದಾರ ಸುತ್ತಿಕೊಂಡು ಆ ಬಳಿಕ ಕಡ್ಡಿ ತೂರಿಸಬೇಕು. ದಾರವನ್ನು ಹೊರಗೆಳೆದಾಗ ಮೂರು ಕುಣಿಕೆಗಳಾಗುತ್ತವೆ. ದಾರ ಸುತ್ತಿ ಎರಡರ ಮೂಲಕ ಎಳೆದು, ಉಳಿದ ಎರಡರ ಮೂಲಕ ಮತ್ತೊಮ್ಮೆ ಎಳೆಯಬೇಕು. ಈ ಹೊಲಿಗೆ ಎತ್ತರವಾಗಿದ್ದು, ಬಟ್ಟೆ ಸಡಿಲವಾಗಿ ಬೇಗ ಬೆಳೆಯುತ್ತದೆ.

3. ಮೊದಲ ಮಾದರಿ ಮತ್ತು ಅದರ ಪರೀಕ್ಷೆ

ಹದಿನಾರು ಸರಪಳಿ ಹಾಕಿ, ಕಡ್ಡಿಯಿಂದ ಎರಡನೆಯ ಕಣ್ಣಿನಿಂದ ಸಿಂಗಲ್ ಕ್ರೋಶಾ ಆರಂಭಿಸಿದರೆ ಸಾಲಿಗೆ 15 ಹೊಲಿಗೆಗಳಾಗುತ್ತವೆ. ಪ್ರತಿ ಸಾಲಿನ ಕೊನೆಯಲ್ಲಿ ಒಂದು ಸರಪಳಿ ಹಾಕಿ, ಹೆಣಿಗೆಯನ್ನು ತಿರುಗಿಸಿ, ಮೊದಲ ಹೊಲಿಗೆಯಿಂದಲೇ ಮುಂದುವರಿಯಬೇಕು. ಹತ್ತನೆಯ ಸಾಲಿನಲ್ಲಿಯೂ 15 ಹೊಲಿಗೆಗಳಿದ್ದಲ್ಲಿ ಪಾಠ ಕೈಗೆ ಹತ್ತಿದೆ ಎಂದು ತಿಳಿಯಬಹುದು. ಅಂಚಿನ ಹೊಲಿಗೆ ಪದೇ ಪದೇ ತಪ್ಪಿದರೆ ಚೌಕವಾಗಬೇಕಾದ ತುಂಡು ಕಿರಿದಾಗುತ್ತ ಹೋಗುತ್ತದೆ. ಅಡಿಪಾಯದ ಸರಪಳಿ ಅತಿ ಬಿಗಿಯಾದರೆ ಕೆಳ ಅಂಚು ಸೆಳೆದುಕೊಳ್ಳುತ್ತದೆ. ಪ್ರತಿ ಸಾಲನ್ನೂ ಎಣಿಸುವ ಅಭ್ಯಾಸವೇ ಈ ಎಲ್ಲ ದೋಷಗಳಿಗೆ ಮೊದಲ ಪರಿಹಾರ.

ಆದೇಶದ ಕೆಲಸ ಹಿಡಿಯುವ ಸಂಘಗಳು ಮತ್ತೊಂದು ಅಂಶವನ್ನು ಗಮನಿಸಬೇಕು. ಅಮೆರಿಕದ ಕ್ರಮದಲ್ಲಿ ‘ಸಿಂಗಲ್’ ಎನ್ನುವ ಹೊಲಿಗೆಯನ್ನೇ ಬ್ರಿಟನ್ನಿನ ಕ್ರಮದಲ್ಲಿ ‘ಡಬಲ್’ ಎನ್ನುತ್ತಾರೆ. ಈ ಪಾಠದ ಹೆಸರುಗಳು ಅಮೆರಿಕದ ಕ್ರಮಕ್ಕೆ ಸೇರಿವೆ. ಖರೀದಿದಾರರ ಕ್ರಮ ಯಾವುದೆಂದು ಮೊದಲೇ ಕೇಳದಿದ್ದಲ್ಲಿ ಅಳತೆ ತಪ್ಪಿ ಇಡೀ ಸರಕು ತಿರಸ್ಕೃತವಾಗಬಹುದು.

4. ನರಸಾಪುರದ ಪಾಠ

ನೆರೆಯ ಆಂಧ್ರಪ್ರದೇಶದ ಪಶ್ಚಿಮ ಗೋದಾವರಿ ಜಿಲ್ಲೆಯ ನರಸಾಪುರ ಕ್ರೋಶಾ ಲೇಸಿಗೆ ಹೆಸರಾದ ಊರು. 19ನೆಯ ಶತಮಾನದಲ್ಲಿ ಕ್ರೈಸ್ತ ಮಿಷನರಿಗಳ ಮೂಲಕ ಅಲ್ಲಿಗೆ ಬಂದ ಈ ಕಲೆ ಸುತ್ತಲ ಹಳ್ಳಿಗಳ ಮಹಿಳೆಯರ ಕೈಯಲ್ಲಿ ಬೆಳೆದು ವಿದೇಶಗಳಿಗೆ ರಫ್ತಾಗುವ ಉದ್ಯಮವಾಯಿತು. 2024ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆಯಿತು.

ಆದರೆ ಹೆಸರು ಬಂದಲ್ಲೆಲ್ಲ ಕೂಲಿಯೂ ಬಂದೀತೆಂದಿಲ್ಲ. ಜರ್ಮನಿಯ ಸಮಾಜಶಾಸ್ತ್ರಜ್ಞೆ ಮರಿಯಾ ಮೀಸ್ ಅವರು ನರಸಾಪುರದ ಲೇಸ್ ಹೆಣೆಯುವ ಮಹಿಳೆಯರನ್ನು ಕುರಿತು 1982ರಲ್ಲಿ ಪ್ರಕಟಿಸಿದ ಅಧ್ಯಯನ ಈ ಮಾತನ್ನು ಸ್ಪಷ್ಟಪಡಿಸುತ್ತದೆ. ಮಹಿಳೆಯರು ದಿನದ ಬಹುಪಾಲು ಗಂಟೆಗಳನ್ನು ಲೇಸಿಗೆ ಮತ್ತು ಮನೆಗೆಲಸಕ್ಕೆ ವ್ಯಯಿಸುತ್ತಿದ್ದರೂ ಅವರನ್ನು ಕಾರ್ಮಿಕರೆಂದು ಎಣಿಸದೆ, ಬಿಡುವಿನಲ್ಲಿ ಹೆಣೆಯುವ ಗೃಹಿಣಿಯರೆಂದೇ ಭಾವಿಸಲಾಗಿತ್ತು. ತುಂಡಿನ ಲೆಕ್ಕದ ಕೂಲಿ ಅತ್ಯಲ್ಪವಾಗಿತ್ತು. ಲಾಭ ದಲ್ಲಾಳಿಗಳಿಗೂ ರಫ್ತುದಾರರಿಗೂ ಸೇರುತ್ತಿತ್ತು. ಮನೆಮನೆಗಳಲ್ಲಿ ಚದುರಿ ದುಡಿಯುತ್ತಿದ್ದ ಮಹಿಳೆಯರಿಗೆ ಒಟ್ಟಾಗಿ ದರ ಕೇಳುವ ಅವಕಾಶವೇ ವಿರಳವಾಗಿತ್ತು.

5. ದುಡಿಮೆಯ ಲೆಕ್ಕ ಹಾಕುವ ಕ್ರಮ

ಒಂದು ಉದಾಹರಣೆಯನ್ನು ಪರಿಶೀಲಿಸಬಹುದು. ಕುಲಾವಿಯೊಂದಕ್ಕೆ ವ್ಯಾಪಾರಿಯು 150 ರೂಪಾಯಿ ಕೊಡಲು ಒಪ್ಪಿದ್ದಾನೆ ಎಂದಿಟ್ಟುಕೊಳ್ಳೋಣ. ನೂಲಿಗೆ 60 ರೂಪಾಯಿ ಕಳೆದರೆ ಉಳಿಯುವುದು 90 ರೂಪಾಯಿ. ಹೆಣೆಯಲು ಐದು ಗಂಟೆ ಬೇಕಾದಲ್ಲಿ ಗಂಟೆಗೆ ದೊರೆತದ್ದು 18 ರೂಪಾಯಿ. ಎಂಟು ಗಂಟೆಯ ದಿನಕ್ಕೆ 144 ರೂಪಾಯಿ. ಈ ಮೊತ್ತವನ್ನು ಸರ್ಕಾರ ನಿಗದಿಪಡಿಸಿದ ಕನಿಷ್ಠ ಕೂಲಿಯೊಡನೆ ಹೋಲಿಸಿದಾಗ ದರ ನ್ಯಾಯವೋ ಅನ್ಯಾಯವೋ ತಾನೇ ತಿಳಿಯುತ್ತದೆ. ‘90 ರೂಪಾಯಿ ಲಾಭ’ ಎಂಬ ಮಾತಿನಲ್ಲಿ ಐದು ಗಂಟೆಯ ದುಡಿಮೆ ಮರೆಯಾಗಿರುವುದನ್ನು ಸದಸ್ಯರು ಗಮನಿಸಬೇಕು.

ಹೊಸದಾಗಿ ಕಲಿತವರ ಕೈ ನಿಧಾನ. ಆದುದರಿಂದ ತರಬೇತಿ ಮುಗಿದ ಕೂಡಲೇ ಆದಾಯದ ಭರವಸೆ ನೀಡುವುದು ಸಲ್ಲದು. ತರಬೇತಿಯ ಅವಧಿಯಲ್ಲಿಯೇ ಪ್ರತಿ ವಸ್ತುವಿಗೆ ತಗುಲಿದ ನೂಲು ಮತ್ತು ಗಂಟೆಗಳನ್ನು ಪುಸ್ತಕದಲ್ಲಿ ಬರೆದಿಡುವ ರೂಢಿಯಾದರೆ, ಮುಂದೆ ದರ ಮಾತನಾಡುವಾಗ ಅದೇ ಸಂಘದ ಆಧಾರವಾಗುತ್ತದೆ.

6. ಪಂಚಾಯಿತಿಯ ಪಾತ್ರ

ತರಬೇತಿಗಾಗಿ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಗಳನ್ನು ವಿಚಾರಿಸಬಹುದು. ‘ಸಂಜೀವಿನಿ’ ಯೋಜನೆಯ ಗ್ರಾಮ ಪಂಚಾಯಿತಿ ಮಟ್ಟದ ಒಕ್ಕೂಟದ ಮೂಲಕ ನೂಲನ್ನು ಒಟ್ಟಾಗಿ ಖರೀದಿಸಿ, ದರವನ್ನು ಒಟ್ಟಾಗಿ ನಿರ್ಧರಿಸಿದರೆ ಒಬ್ಬೊಬ್ಬರೇ ದಲ್ಲಾಳಿಯ ಮುಂದೆ ನಿಲ್ಲುವ ಸ್ಥಿತಿ ತಪ್ಪುತ್ತದೆ. ಬೆಳಕು ಮತ್ತು ಗಾಳಿಯುಳ್ಳ ಸಮುದಾಯ ಭವನದ ಕೋಣೆಯನ್ನು ನಿಗದಿತ ವೇಳೆಗೆ ಒದಗಿಸುವುದೂ ಸಣ್ಣ ನೆರವಲ್ಲ. ಸಣ್ಣ ದಾರದ ಕೆಲಸ ಕಣ್ಣಿಗೂ ಬೆರಳಿಗೂ ಕತ್ತಿಗೂ ಶ್ರಮ ಕೊಡುವಂಥದ್ದು.

ಸಭೆಯಲ್ಲಿ ಚರ್ಚಿಸಬಹುದಾದ ಪ್ರಶ್ನೆಗಳು

1. ನಮ್ಮ ಗ್ರಾಮಗಳಲ್ಲಿ ಮನೆಯಲ್ಲೇ ಕುಳಿತು ತುಂಡಿನ ಲೆಕ್ಕದಲ್ಲಿ ದುಡಿಯುವ ಮಹಿಳೆಯರು ಎಷ್ಟು ಮಂದಿ?
2. ಅವರ ಕೆಲಸದ ಗಂಟೆಗಳನ್ನು ಯಾರಾದರೂ ಬರೆದಿಟ್ಟಿದ್ದಾರೆಯೇ?
3. ತರಬೇತಿಯ ಪ್ರಸ್ತಾವದಲ್ಲಿ ಮಾರಾಟದ ದಾರಿ ಮತ್ತು ದರದ ಲೆಕ್ಕ ಸೇರಿವೆಯೇ?