ಪುರಾತತ್ವ ಕಲಿಯುವವರು ಏನು ಮಾಡುತ್ತಾರೆ?



ನಾವು ಇತಿಹಾಸ ಪಾಠದಲ್ಲಿ ರಾಜರ ಹೆಸರು, ಇಸವಿ ಎಲ್ಲಾ ಬಾಯಿಪಾಠ ಮಾಡುತ್ತೇವೆ. ಆದರೆ ಆ ಇಸವಿ ಹೇಗೆ ಗೊತ್ತಾಯಿತು ಎಂದು ನಾನು ಯಾವತ್ತೂ ಯೋಚಿಸಿರಲಿಲ್ಲ. ಈ ಸಲ ದೀಪಾವಳಿ ರಜೆಯಲ್ಲಿ ಮಂಗಳೂರಿನ ದೊಡ್ಡಪ್ಪನ ಮನೆಗೆ ಹೋಗಿದ್ದೆ. ದೊಡ್ಡಪ್ಪನ ಮಗಳು, ನನ್ನ ಅಕ್ಕ, ಮೈಸೂರಿನ ಮಾನಸಗಂಗೋತ್ರಿಯಲ್ಲಿ ಪ್ರಾಚೀನ ಇತಿಹಾಸ ಮತ್ತು ಪುರಾತತ್ವ ಓದುತ್ತಿದ್ದಾಳೆ. ಅವಳಿಂದ ತಿಳಿದದ್ದನ್ನು ಬರೆದಿದ್ದೇನೆ.

ಪುರಾತತ್ವ ಎಂದರೇನು?

ಹಿಂದಿನ ಜನರು ಬಿಟ್ಟುಹೋದ ಮಡಕೆ, ನಾಣ್ಯ, ಶಾಸನ, ಗೋಡೆ, ಎಲುಬು ಮುಂತಾದವನ್ನು ನೋಡಿ ಅವರ ಜೀವನವನ್ನು ತಿಳಿಯುವ ಶಾಸ್ತ್ರವೇ ಪುರಾತತ್ವ.

ನಾನು ಮಾಡಿದ ತಪ್ಪು

ಕಳೆದ ಬೇಸಿಗೆಯಲ್ಲಿ ಅಡಿಕೆ ಗಿಡ ನೆಡಲು ನಮ್ಮ ತೋಟದಲ್ಲಿ ಗುಂಡಿ ತೆಗೆಯುವಾಗ ಕಪ್ಪು, ಕೆಂಪು ಬಣ್ಣದ ಮಡಕೆ ಚೂರುಗಳು ಸಿಕ್ಕಿದ್ದವು. ನಾನು ಅವನ್ನು ಚೆನ್ನಾಗಿ ತೊಳೆದು, ಅಕ್ಕನಿಗೆ ಕೊಡಲು ಚೀಲದಲ್ಲಿ ತೆಗೆದುಕೊಂಡು ಹೋದೆ. ಅವಳಿಗೆ ಖುಷಿಯಾಗುತ್ತದೆ ಅಂತ ಎಣಿಸಿದ್ದೆ. ಅವಳು, "ಎಷ್ಟು ಆಳದಲ್ಲಿ ಸಿಕ್ಕಿತು? ಪಕ್ಕದಲ್ಲಿ ಎಂತ ಇತ್ತು? ಎಲ್ಲಾ ಒಂದೇ ಗುಂಡಿಯದ್ದಾ?" ಎಂದು ಕೇಳಿದಳು. ನನಗೆ ಒಂದಕ್ಕೂ ಉತ್ತರ ಗೊತ್ತಿರಲಿಲ್ಲ. "ಹಾಗಾದ್ರೆ ಇದು ಬರೀ ಚೂರು ಮಾರಾಯ. ಐವತ್ತು ವರ್ಷದ್ದೂ ಇರಬಹುದು, ಐನೂರು ವರ್ಷದ್ದೂ ಇರಬಹುದು" ಎಂದಳು. ನನಗೆ ತುಂಬಾ ಬೇಸರವಾಯಿತು.

ಆಮೇಲೆ ಅವಳು ಒಂದು ಉದಾಹರಣೆ ಕೊಟ್ಟಳು. ಮನೆಯಲ್ಲಿ ಹಳೇ ಪೇಪರ್ ಒಂದರ ಮೇಲೊಂದು ಇಡುತ್ತೇವೆ. ಕೆಳಗಿನದ್ದು ಹಳತು, ಮೇಲಿನದ್ದು ಹೊಸತು. ಮಣ್ಣಿನ ಪದರಗಳೂ ಹಾಗೆಯೇ. ವಸ್ತು ಯಾವ ಪದರದಲ್ಲಿತ್ತು, ಜೊತೆಗೆ ಏನಿತ್ತು ಎಂದು ಗೊತ್ತಿದ್ದರೆ ಅದರ ಕಾಲ ತಿಳಿಯಲು ದಾರಿಯಾಗುತ್ತದೆ. ಜಾಗ ತಪ್ಪಿಸಿ ತೆಗೆದರೆ ಆ ದಾರಿ ಮುಚ್ಚಿತು.

ಅವರ ದಿನಚರಿ

ಮಳೆಗಾಲದಲ್ಲಿ ಕಲ್ಲಿನ ಮೇಲೆ ಪಾಚಿ ಹಿಡಿಯುತ್ತದೆ, ಹುಲ್ಲು ಆಳೆತ್ತರ ಬೆಳೆಯುತ್ತದೆ, ಗುಂಡಿಯಲ್ಲಿ ನೀರು ನಿಲ್ಲುತ್ತದೆ. ಆದ್ದರಿಂದ ನಮ್ಮ ಕಡೆ ಹೊರಗಿನ ಕೆಲಸಕ್ಕೆ ದೀಪಾವಳಿಯ ನಂತರದ ದಿನಗಳೇ ಒಳ್ಳೆಯದು. ಉತ್ಖನನಕ್ಕೆ ಹೋದಾಗ ಬೆಳಿಗ್ಗೆ ಬೇಗ ಎದ್ದು, ನೂಲು ಕಟ್ಟಿ ಚೌಕ ಮಾಡಿದ ಜಾಗದಲ್ಲಿ ಕೂರಬೇಕು. ಹಾರೆ ಹಾಕಿ ಅಗೆದು ಬಿಡುವುದಲ್ಲ. ಗಾರೆ ಕೆಲಸದವರ ಕರಣೆಯಂಥ ಸಣ್ಣ ಸಲಕರಣೆಯಿಂದ ಮೆಲ್ಲ ಕೆರೆಯಬೇಕು. ಮಣ್ಣನ್ನು ಜರಡಿ ಹಿಡಿಯಬೇಕು. ಮಧ್ಯಾಹ್ನದ ಮೇಲೆ ಸಿಕ್ಕಿದ ಚೂರುಗಳನ್ನು ಬ್ರಶ್ಶಿನಿಂದ ತೊಳೆದು, ಒಣಗಿಸಿ, ನಂಬರು ಬರೆಯಬೇಕು. ಸಂಜೆ ನಕ್ಷೆ ಬಿಡಿಸುವುದು, ನೋಟ್‌ಬುಕ್ ಬರೆಯುವುದು.

ಶಾಸನದ ಪಡಿಯಚ್ಚು ತೆಗೆಯುವುದು ಹೀಗೆ: ಮೊದಲು ಕಲ್ಲನ್ನು ನೀರು ಹಾಕಿ ತೊಳೆಯಬೇಕು. ಒದ್ದೆ ಕಾಗದ ಅಂಟಿಸಿ ಬ್ರಶ್ಶಿನಿಂದ ಬಡಿದರೆ ಕಾಗದ ಅಕ್ಷರದ ಗುಳಿಯೊಳಗೆ ಇಳಿಯುತ್ತದೆ. ಮೇಲೆ ಶಾಯಿ ಒತ್ತಿದರೆ ಕಪ್ಪಿನ ನಡುವೆ ಅಕ್ಷರ ಬಿಳಿಯಾಗಿ ಕಾಣುತ್ತದೆ.

ಕದ್ರಿಯಲ್ಲಿ ಕಂಡದ್ದು

ಅಕ್ಕ ನನ್ನನ್ನು ಕದ್ರಿ ಮಂಜುನಾಥ ದೇವಸ್ಥಾನಕ್ಕೆ ಕರೆದುಕೊಂಡು ಹೋದಳು. ಅಲ್ಲಿ ಮೂರು ಮುಖ, ಆರು ಕೈಗಳ ಕಂಚಿನ ಲೋಕೇಶ್ವರ ವಿಗ್ರಹ ಉಂಟು. ಅದರ ಪೀಠದಲ್ಲಿ ಸಂಸ್ಕೃತ ಶಾಸನವಿದೆ. ಆಳುಪ ರಾಜ ಕುಂದವರ್ಮ ಇದನ್ನು ಕದರಿಕಾ ವಿಹಾರದಲ್ಲಿ ಸ್ಥಾಪಿಸಿದನು. ವಿಹಾರ ಎಂಬುದು ಬೌದ್ಧ ಭಿಕ್ಷುಗಳ ವಾಸಸ್ಥಾನದ ಹೆಸರು. ಹಾಗಾಗಿ ಅಲ್ಲಿ ಬೌದ್ಧರಿದ್ದರು ಎಂದು ವಿದ್ವಾಂಸರು ಹೇಳುತ್ತಾರೆ. ಅದರಲ್ಲಿರುವುದು ಕಲಿ ವರ್ಷ 4068. ಅಕ್ಕ ನನ್ನಿಂದ ಲೆಕ್ಕ ಮಾಡಿಸಿದಳು: 4068 – 3101 = 967. ಆದರೆ ಆ ವರ್ಷ ಸುರುವಾಗುವುದು ಬಿಸು, ಯುಗಾದಿಯ ಸಮಯಕ್ಕೆ. ಶಾಸನದ ದಿನ ವರ್ಷದ ಕೊನೆಯ ಕಡೆ, ಜನವರಿಗೆ ಬರುತ್ತದೆ. ಆದ್ದರಿಂದ ಕ್ರಿ.ಶ. 968. ಒಂದು ಇಸವಿ ಹೀಗೆ ಹುಟ್ಟುತ್ತದೆ!

ನಿಧಿಯ ಆಸೆ

"ಹೊನ್ನು ಸಿಗುತ್ತದಾ?" ಎಂದು ಕೇಳಿದೆ. ಅಕ್ಕ ನಕ್ಕು ಮಸ್ಕಿಯ ವಿಷಯ ಹೇಳಿದಳು. 1915ರಲ್ಲಿ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ಚಿನ್ನದ ಅದಿರು ಹುಡುಕುತ್ತಿದ್ದ ಬೀಡನ್ ಎಂಬ ಎಂಜಿನಿಯರರಿಗೆ ಬಂಡೆಯ ಮೇಲೆ ಅಕ್ಷರ ಕಂಡಿತು. ಅದು ಅಶೋಕನ ಶಾಸನ. ಅದರಲ್ಲಿ ಅಶೋಕ ಎಂಬ ಹೆಸರೇ ಇತ್ತು. ಚಿನ್ನಕ್ಕಿಂತ ಅದು ದೊಡ್ಡದಲ್ಲವೇ? ನೆಲದಲ್ಲಿ ನಿಧಿ ಸಿಕ್ಕಿದರೆ ಸರಕಾರಕ್ಕೆ ತಿಳಿಸಬೇಕೆಂದು ಕಾನೂನೇ ಇದೆ.

ನಾವು ಏನು ಮಾಡಬೇಕು?

1. ಹಳೇ ಕಲ್ಲು, ಚೂರು ಕಂಡರೆ ಕೀಳಬಾರದು. ಜಾಗ ಬರೆದಿಟ್ಟು ಗುರುಗಳಿಗೆ ತಿಳಿಸಬೇಕು.
2. ಅಕ್ಷರವಿರುವ ಕಲ್ಲಿನ ಮೇಲೆ ಬಟ್ಟೆ ಒಗೆಯಬಾರದು, ಸುಣ್ಣ ಬಳಿಯಬಾರದು.
3. ಕಲ್ಲಿನ ಮೇಲೆ ನಮ್ಮ ಹೆಸರು ಕೆತ್ತಬಾರದು.

ಊರಿಗೆ ಬಂದ ಮೇಲೆ ತೋಟಕ್ಕೆ ಹೋಗಿ ನೋಡಿದೆ. ಗುಂಡಿಗಳು ಮುಚ್ಚಿ ಅಡಿಕೆ ಗಿಡ ಚಿಗುರಿತ್ತು. ಅಪ್ಪನನ್ನು ಕೇಳಿ, ಬಾವಿಯಿಂದ ಎಷ್ಟು ಹೆಜ್ಜೆ, ಯಾವ ಸಾಲು ಎಂದು ಚೀಟಿಯಲ್ಲಿ ಬರೆದು ಚೂರಿನ ಜೊತೆ ಡಬ್ಬಿಯಲ್ಲಿ ಹಾಕಿಟ್ಟಿದ್ದೇನೆ. ಆಳ ಮಾತ್ರ ಅಪ್ಪನಿಗೂ ನೆನಪಿಲ್ಲ.

ಸ್ನೇಹಿತರೇ, ನಿಮ್ಮ ಮನೆ ಹತ್ತಿರ ಅಕ್ಷರದ ಕಲ್ಲು ಉಂಟಾ? ಇದ್ದರೆ ಮುಂದಿನ ಸಂಚಿಕೆಗೆ ಬರೆಯಿರಿ.

– 7ನೇ ತರಗತಿ ವಿದ್ಯಾರ್ಥಿ